ಬಾಳವ್ವನ ಕೈ ಸೇರಿದ ನವಾರ

ನಾನು ಒಂದು ನವಾರದ ಪಟ್ಟಿ. ಮಗ್ಗದ ಮೇಲೆ ಬಿಳಿ ನೂಲಿನಿಂದ ನನ್ನನ್ನು ದಪ್ಪವಾಗಿ ನೇಯ್ದರು. ಮಂಚಕ್ಕೆ ಹೆಣೆದುಕೊಂಡು ದಣಿದವರ ಬೆನ್ನನ್ನು ಹೊರುವುದೇ ನನ್ನ ಕುಲದ ಕೆಲಸ. ಆದರೆ ಮಾನಸಿಕ ಆಸ್ಪತ್ರೆಯೊಂದರ ದರ್ಜಿ ನನ್ನನ್ನು ತುಂಡರಿಸಿ, ತುದಿಗೆ ಬಕಲು ಹೊಲಿದ. ಅಂದಿನಿಂದ ಹೆಂಗಸರ ವಾರ್ಡಿನ ಮೊಳೆಯಲ್ಲಿ ನೇತಾಡುತ್ತ, ರೋಗಿಗಳ ಕೈಯನ್ನು ಮಂಚದ ಸರಳಿಗೆ ಕಟ್ಟುವ ಸಾಧನವಾದೆ.

ಕಟ್ಟಿಸಿಕೊಂಡ ಕೈಗಳು ಮೊದಲು ಜಗ್ಗುತ್ತಿದ್ದವು, ಆಮೇಲೆ ಬೆವರುತ್ತಿದ್ದವು, ಕೊನೆಗೆ ಸುಮ್ಮನಾಗುತ್ತಿದ್ದವು. ಸುಮ್ಮನಾದರೆ ಗುಣವಾಯಿತೆಂದು ವಾರ್ಡಿನವರು ತಿಳಿಯುತ್ತಿದ್ದರು. ಹೆದರಿದ ನಾಡಿ ನನಗೆ ಮಾತ್ರ ಕೇಳಿಸುತ್ತಿತ್ತು.

ಬಾಳವ್ವ ಬಂದ ಮೇಲೆ ನನಗೆ ಬಿಡುವೇ ಇಲ್ಲದಾಯಿತು. ಗಾಜು ಅಪಾಯವೆಂದು, ವಾರ್ಡಿನ ರೂಢಿಯಂತೆ, ಸೇರಿಸಿಕೊಳ್ಳುವಾಗಲೇ ಅವಳ ಹಸಿರು ಬಳೆಗಳನ್ನು ತೆಗೆದಿದ್ದರು. ಆಗಿನಿಂದ ಅವಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿರುತ್ತಿದ್ದಳು. ಊಟಕ್ಕೆಬ್ಬಿಸಲು ಯಾರಾದರೂ ಮಣಿಕಟ್ಟು ಹಿಡಿದರೆ ಹೊಡೆಯುತ್ತಿದ್ದಳು. ಒಂದು ದಿನ ಆಯಾ ಹುಸೇನಬಿಯ ತುಟಿ ಒಡೆಯಿತು.

"ಕಟ್ಟಿಬಿಡ್ರಿ ಸಿಸ್ಟರ್! ಇಲ್ಲಾಂದ್ರ ನಾಳೆ ನನ್ನ ಹಲ್ಲು ಆಕಿ ಉಡ್ಯಾಗ ಇರ್ತಾವ," ಎಂದಳು ಹುಸೇನಬಿ, ರಕ್ತ ಒರೆಸಿಕೊಳ್ಳುತ್ತ.

ಹೊಸದಾಗಿ ಬಂದಿದ್ದ ಗ್ರೇಸಿ ಸಿಸ್ಟರ್ ನನ್ನನ್ನು ಮೊಳೆಯಿಂದ ತೆಗೆದಳು. ಬಿಗಿಯಲು ನಾನು ಸಿದ್ಧವಾದೆ. ಅವಳು ನನ್ನನ್ನು ನೆಲದ ಮೇಲಿಟ್ಟು, ಬಾಳವ್ವನಿಂದ ತುಸು ದೂರದಲ್ಲಿ ತಾನೂ ನೆಲಕ್ಕೇ ಕುಳಿತಳು.

"ಬಾಳಕ್ಕಾ, ನಾ ಮುಟ್ಟಂಗಿಲ್ಲ. ಕೈ ಯಾಕ ಮುಚ್ಕೊಂಡೀಯವ್ವಾ?"

ಬಾಳವ್ವನಿಗೆ ತಂದಿಟ್ಟಿದ್ದ ತಟ್ಟೆಯ ಸಾರು ಆರಿತು. ಗ್ರೇಸಿ ಏಳಲಿಲ್ಲ.

"ನನ್ನ ಗಂಡ ಗಟ್ಟಿಮುಟ್ಟಾಗಿ ಟಾಂಗಾ ಹೊಡೀತಾನ," ಎಂದಳು ಬಾಳವ್ವ, ನೆಲ ನೋಡುತ್ತ. "ನೀವು ನನಗ ಮುಂಡೇರ ಕೈ ಮಾಡಿಟ್ಟೀರಿ. ಮ್ಯಾಲ ಅದನ್ನ ಮಂದಿ ಮುಂದ ಹಿಡದು ಎತ್ತತೀರಿ."

"ಅಯ್ಯ ನಮ್ಮವ್ವಾ! ಇಷ್ಟು ದಿನ ಹೇಳಬಾರದಿತ್ತೇನ?" ಎಂದಳು ಹುಸೇನಬಿ.

"ನೀವು ಕೇಳಿದ್ರೇನ?"

ಗಾಜಿಗೆ ಅಪ್ಪಣೆ ಇರಲಿಲ್ಲ. ಗ್ರೇಸಿ ನನ್ನ ಬಕಲನ್ನು ಕತ್ತರಿಸಿದಳು. ಒಡೆದ ತುಟಿಯ ಹುಸೇನಬಿಯೇ ನನ್ನ ಎಳೆಗಳನ್ನು ಬಿಡಿಸಿ, ಹಸಿರು ಬಣ್ಣದಲ್ಲಿ ಅದ್ದಿ, ಬಳೆಗಳಾಗಿ ಹೊಸೆದಳು. ಬಾಳವ್ವ ಸೆರಗಿನಿಂದ ತಾನೇ ಕೈ ಹೊರಗೆ ಚಾಚಿದಳು. ಅದೇ ಮಣಿಕಟ್ಟು, ಅದೇ ನಾನು. ಆದರೆ ನಾಡಿ ಓಡುತ್ತಿರಲಿಲ್ಲ, ನಡೆಯುತ್ತಿತ್ತು.

ಆ ವಾರ್ಡಿನಲ್ಲಿ ಈಗ ಕೈ ಹಿಡಿಯುವ ಮೊದಲು ಕೇಳುತ್ತಾರೆ. ನನ್ನ ಒಡಹುಟ್ಟಿದ ಪಟ್ಟಿಗಳು ಇನ್ನೂ ಕಪಾಟಿನಲ್ಲಿವೆ. ಅವನ್ನು ತೆಗೆಯುವುದು ಅಪರೂಪ.

ಮನೆಗೆ ಹೊರಟ ದಿನ ಗಾಜಿನ ಬಳೆಗಳು ಮರಳಿ ಬಂದವು. ಬಾಳವ್ವ ಅವುಗಳ ನಡುವೆ ನನ್ನನ್ನೂ ಉಳಿಸಿಕೊಂಡಳು. ಈಗ ನನ್ನ ಬಣ್ಣ ಮಾಸಿದೆ, ಎಳೆಗಳು ಸವೆದಿವೆ. ರೊಟ್ಟಿ ಬಡಿಯುವಾಗ ನನಗೆ ಹಿಟ್ಟು ಮೆತ್ತುತ್ತದೆ. ಮಲಗುವಾಗ ತೆಗೆದು ಗೂಟಕ್ಕೆ ಹಾಕುತ್ತಾಳೆ. ಮೊಳೆಯಲ್ಲಿದ್ದಾಗ ನನ್ನನ್ನು ಕಂಡು ಕೈಗಳು ಅಡಗುತ್ತಿದ್ದವು. ಈಗ ಬೆಳಗಾದರೆ ಒಂದು ಕೈ ತಾನಾಗಿ ನನ್ನನ್ನು ಹುಡುಕಿ ಬರುತ್ತದೆ.