ಅಕ್ಕನನ್ನು ಅಳಿಸಿದ ಅಗ್ಗದ ಸಾಫ್ಟ್‌ವೇರ್

1.

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕೆಟ್ಟುಹೋದ ಫೋಟೋದಿಂದಲೋ, ಮಾತು ಬಿಟ್ಟ ಅಕ್ಕತಂಗಿಯರಿಂದಲೋ? ಮೊದಲ ಡ್ರಾಫ್ಟ್ ಅಕ್ಕನ ಕಣ್ಣೀರಿನಿಂದ ಶುರುವಾಗಿತ್ತು. ಓದಿ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಬರೆದದ್ದನ್ನು ಹರಿಯುವುದು ಹೇಗೆ ಎಂದು ಕೇಳಬೇಡಿ. ಲೇಖಕರು ಹಾಗೇ ಹೇಳುವುದು.)

ಸರಿ, ಫೋಟೋ ಸ್ಟುಡಿಯೋದಿಂದಲೇ ಶುರು ಮಾಡೋಣ. ಅದನ್ನು ನಡೆಸುವವಳು ತಂಗಿ. ಫೋಟೋ ತಿದ್ದುತ್ತಾಳೆ, ಮಕ್ಕಳ ಪುಸ್ತಕಗಳಿಗೆ ಚಿತ್ರವನ್ನೂ ಬರೆಯುತ್ತಾಳೆ. ಹಳೆಯ ಸಾಫ್ಟ್‌ವೇರ್ ತೀರಾ ದುಬಾರಿಯಾದದ್ದರಿಂದ ಎರಡೂ ಕೆಲಸಕ್ಕೆ ಆಗುವ ಅಗ್ಗದ್ದೊಂದನ್ನು ಹುಡುಕುತ್ತಿದ್ದಾಳೆ. ಒಂದರಲ್ಲಿ ಬ್ರಷ್ ಚೆನ್ನ, ಆದರೆ ಫೋಟೋ ಹಾಕಿದರೆ ಮುಖಕ್ಕೆಲ್ಲ ಕಾಮಾಲೆ. ಇನ್ನೊಂದರಲ್ಲಿ ಫೋಟೋ ಸೊಗಸು, ಗೆರೆ ಎಳೆದರೆ ಕಂಪ್ಯೂಟರಿಗೆ ಏದುಸಿರು.

ಎಲ್ಲವನ್ನೂ ಪರೀಕ್ಷಿಸುವುದು ಒಂದೇ ಫೋಟೋದ ಮೇಲೆ: ಹೂವಿನ ಕರ್ಟನ್ ಮುಂದೆ ನಿಂತ ಇಬ್ಬರು ಹುಡುಗಿಯರು, ಅಕ್ಕ ಮತ್ತು ಅವಳು. ಕಾಗದದ ಪ್ರತಿಯನ್ನು ಗೆದ್ದಲು ತಿಂದಿದೆ, ಉಳಿದಿರುವುದು ಈ ಫೈಲ್ ಒಂದೇ. ವರ್ಷಗಳಿಂದ ಮಾತು ಬಿಟ್ಟಿದ್ದ ಅಕ್ಕ ಹೋದ ವಾರ ತಾನಾಗಿ ಫೋನ್ ಮಾಡಿ, "ಆ ಫೋಟೋ ದೊಡ್ಡದು ಮಾಡಿ ಇಟ್ಟಿರು, ಬಂದು ತಗೊಂಡು ಹೋಗ್ತೀನಿ" ಅಂದಿದ್ದಾಳೆ. ಅಂದಿನಿಂದ ಇವಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

2.

ಮೂರನೆಯ ಸಾಫ್ಟ್‌ವೇರಿನಲ್ಲಿ 'ಬೇಡವಾದದ್ದನ್ನು ಅಳಿಸಿ' ಎಂಬ ಬಟನ್ ಇತ್ತು. ಪರೀಕ್ಷೆಗೆಂದು ಅಕ್ಕನ ಮೇಲೆ ಒತ್ತಿದಳು. ಅಕ್ಕ ಮಾಯ! ಹಿಂದಿನ ಕರ್ಟನ್ನಿನ ಹೂವು ಕೂಡ ಸರಿಯಾಗಿ ಕೂತಿತು. "ಅಬ್ಬಬ್ಬಾ, ಏನು ಕೆಲಸ!" ಎಂದು ಮೆಚ್ಚಿ ಮುಚ್ಚಿದಳು. ಹಳೆಯದು ಮುಚ್ಚುವಾಗ 'ಸೇವ್ ಮಾಡಲೇ?' ಎಂದು ಕೇಳುತ್ತಿತ್ತು. ಇದು ಕೇಳಲಿಲ್ಲ. ಮೂಲ ಫೈಲಿನ ಮೇಲೇ ತಾನಾಗಿ ಸೇವ್ ಮಾಡಿಕೊಂಡಿತು. ಮತ್ತೆ ತೆರೆದು ನೋಡಿದರೆ ಫೋಟೋದಲ್ಲಿ ಇವಳೊಬ್ಬಳೇ.

"ರೀ ಕಥೆಗಾರ್ರೇ," ತಂಗಿ ನನ್ನ ಕಡೆ ತಿರುಗಿದಳು, "ಬೇಕಂತಲೇ ಮಾಡಿಸಿದ್ರಿ ಅಲ್ವಾ?"

"ಕಥೆ ಅಂದ್ಮೇಲೆ ಏನಾದ್ರೂ ಆಗ್ಬೇಕಲ್ಲಮ್ಮ."

"ನಿಮ್ಮ ಕಥೆಗಿಷ್ಟು ಬೆಂಕಿ ಹಾಕ! ಮೇಲಿನ ಪ್ಯಾರಾ ಅಳಿಸಿ ಮೊದಲು!"

(ಅಳಿಸಬಹುದಿತ್ತು. ಆದರೆ ಅಷ್ಟು ಚೆನ್ನಾಗಿ ಬಂದ ಪ್ಯಾರಾ, ಮನಸ್ಸು ಬರಲಿಲ್ಲ.) ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿ ಸದ್ದು ಕೇಳಿತು.

5. (3 ಮತ್ತು 4 ಸರಿಬರಲಿಲ್ಲ.)

ಅಂತ್ಯ ಒಂದು: ಅಕ್ಕ ನಕ್ಕು ಕ್ಷಮಿಸುತ್ತಾಳೆ.

"ಯಾರ್ರೀ ಹೇಳಿದ್ದು?" ಸ್ಕ್ರೀನ್ ನೋಡಿ ಅಕ್ಕ ಗದರಿದಳು. "ನನ್ನನ್ನೇ ಅಳಿಸಿ ಹಾಕಿದ್ದಾಳೆ, ನಾನು ಹಲ್ಲು ಕಿರೀಬೇಕಾ?"

ಅಂತ್ಯ ಎರಡು: ಅಕ್ಕ ಸಿಟ್ಟಿನಿಂದ ಹೊರಟುಹೋಗುತ್ತಾಳೆ.

"ಮೆಟ್ಟಿಲು ಹತ್ತಿ ಮಂಡಿ ಹಿಡ್ಕೊಂಡಿದೆ, ಈಗಲೇ ಇಳೀಬೇಕಾ? ಬರೆಯೋರಿಗೆ ಕರುಣೆ ಬೇಡ್ವಾ?"

ಮೂರನೆಯದನ್ನು ನಾನು ಬರೆಯಲಿಲ್ಲ. ತಂಗಿಯೇ ಬ್ರಷ್ ಚೆನ್ನಾಗಿದ್ದ ಸಾಫ್ಟ್‌ವೇರ್ ತೆರೆದು, ಖಾಲಿ ಜಾಗದಲ್ಲಿ ಅಕ್ಕನನ್ನು ಬರೆಯತೊಡಗಿದಳು. ಸ್ವಲ್ಪ ಹೊತ್ತಿಗೇ ಕೈ ನಿಂತಿತು.

"ಆಗ ನೀನು ಹೇಗಿದ್ದೆ ಅಂತಾನೇ ನೆನಪಿಗೆ ಬರ್ತಿಲ್ಲ ಅಕ್ಕ."

ಅಕ್ಕ ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತಳು. "ಈಗ ಹೇಗಿದೀನೋ ಹಾಗೇ ಬರಿ."

"ನಾನು ಲಂಗ ಹಾಕ್ಕೊಂಡು ನಿಂತಿರ್ತೀನಿ, ಪಕ್ಕದಲ್ಲಿ ನೀನು ಮುದುಕಿ ಥರ!"

"ಮುದುಕಿ ಅಂದ್ರೆ ಎದ್ದು ಹೋಗ್ತೀನಿ ನೋಡು."

"ಅಯ್ಯೋ, ಅಲ್ಲಾಡ್ಬೇಡ್ವೇ!"

ಇದೇ ಸಮಯ ಎಂದು ನಾನು ಮೆಲ್ಲಗೆ 'ಮುಗಿಯಿತು' ಅಂತ ಟೈಪ್ ಮಾಡಲು ಹೊರಟೆ. ಇಬ್ಬರೂ ಒಟ್ಟಿಗೇ ನನ್ನ ಮೇಲೆ ರೇಗಿದರು.

"ಏನ್ರೀ ನಿಮ್ಮ ಅವಸರ?" ಅಂದಳು ಅಕ್ಕ. "ಇನ್ನೂ ಮೂಗೇ ಆಗಿಲ್ಲ."