ಶಾವಿಗೆಯ ಕೋಲು

ಕೆರೆಯಂಚಿನಲ್ಲಿ ಟೆಂಟ್ ಹಾಕಿ ಹಕ್ಕಿ ನೋಡಬೇಕೆಂದು ಹೊರಟು ಮೂರು ಸಲ ರದ್ದಾದ ಪ್ರವಾಸವಿದು. ಒಮ್ಮೆ ಇವರ ಆಫೀಸಿನ ಸಾಫ್ಟ್‌ವೇರ್ ರಿಲೀಸ್, ಇನ್ನೊಮ್ಮೆ ಇವರ ಹೊಸ ಲೆನ್ಸ್ ಬಂದಿರಲಿಲ್ಲ, ಮೂರನೆಯದರ ಕಾರಣ ನನಗೆ ಮರೆತಿದೆ. ಮಗಳು ರಕ್ಷಿತಾಗೆ ಮರೆತಿಲ್ಲ. ಹತ್ತು ವರ್ಷದ ಅವಳು ಶಾಲೆಯ ಹಕ್ಕಿ ಪುಸ್ತಕದಲ್ಲಿ ಒಂದು ಪುಟವನ್ನು ಮಿಂಚುಳ್ಳಿಗೆಂದು ಖಾಲಿ ಬಿಟ್ಟುಕೊಂಡಿದ್ದಳು. ಚಿತ್ರವನ್ನು ಮಕ್ಕಳೇ ತೆಗೆದಿರಬೇಕು, ಪುಸ್ತಕವನ್ನು ಸೋಮವಾರ ಕೊಡಬೇಕು.

ಆದರೆ ಇವರು ಕ್ಯಾಮೆರಾ ಬಿಟ್ಟುಕೊಟ್ಟರೆ ತಾನೇ? ‘ಮೊದಲು ನಾನು ಸೆಟ್ಟಿಂಗ್ ನೋಡ್ತೀನಿ’ ಎನ್ನುತ್ತಾರೆ. ನೋಡಿ ಮುಗಿಯುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.

ಶನಿವಾರ ಬೆಳಿಗ್ಗೆ ಸಿಂಗಸಂದ್ರದ ಮನೆ ಬಿಟ್ಟೆವು. ಟೆಂಟಿನ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ ಎಂದು ಎರಡು ಸಲ ಹೇಳಿದ್ದೆ. ಎಲ್ಲ ಇದೆ ಅಂದರು. ಹೊಸೂರು ರಸ್ತೆಯ ಲಾರಿಗಳ ನಡುವೆ ಅತ್ತಿಬೆಲೆ ಮುಟ್ಟಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇವರ ಪಾಠ ನಡೆದಿತ್ತು. ನನ್ನ ಕೆಂಪು ಕುರ್ತಾಕ್ಕೆ ಹಕ್ಕಿ ಬೆದರುತ್ತದಂತೆ. ಹಿಂದೆ ಕೂತಿದ್ದ ಅತ್ತೆ ಮಹಾಂತಮ್ಮ ಬಳೆ ಸದ್ದು ಮಾಡಬಾರದಂತೆ. ರೊಟ್ಟಿಯ ಗಂಟು ಬಿಚ್ಚುವಾಗಲೂ ಪ್ಲಾಸ್ಟಿಕ್ ಸಪ್ಪಳ ಕೇಳಬಾರದಂತೆ.

ನಮ್ಮ ಮನೆಯ ಮಾಲೀಕರಾದ ಗೋಪಾಲಪ್ಪನವರ ತೋಟ ಅತ್ತಿಬೆಲೆಯಿಂದ ಬಲಕ್ಕೆ ಹೋದರೆ ಕೆರೆಯಂಚಿನಲ್ಲಿದೆ. ರೂಮಿದೆ, ಫ್ಯಾನಿದೆ, ಬಟ್ಟೆ ಕೆಳಗೆ ಯಾಕೆ ಮಲಗ್ತೀರಿ ಎಂದು ಅವರು ನಕ್ಕು, ರೂಮಿನ ಬೀಗದ ಕೈಯನ್ನೂ ಕೊಟ್ಟುಹೋದರು.

ಇವರು ಚೀಲ ಸುರಿದರು. ಬಟ್ಟೆ ಇತ್ತು, ಗೂಟ ಇತ್ತು, ಹಗ್ಗ ಇತ್ತು. ಕೋಲುಗಳಿರಲಿಲ್ಲ. ಕಾರಿನ ಸೀಟಿನಡಿಯವರೆಗೂ ಹುಡುಕಾಟ ನಡೆಯಿತು.

ಅತ್ತೆ ನಿಧಾನವಾಗಿ ಕೇಳಿದರು. “ಹಳದಿ ಬಣ್ಣದವೇನೋ ವಿನಾಯಕಾ? ಅವು ಟೆರೇಸಿನ ಮ್ಯಾಲ ಅದಾವಲ್ಲ. ಶಾವಗಿ ಹಾಕೇನಿ.”

“ಅವ್ವಾ, ಅವು ಟೆಂಟಿನ ಕೋಲು.”

“ನನಗೇನ್ ಗೊತ್ತೋ ತಮ್ಮಾ. ನುಣ್ಣಗಿದ್ದವು. ಒಂದು ಎಳಿ ಸೈತ ಹರೀಲಿಲ್ಲ ನೋಡು.”

ಎರಡು ಕುರ್ಚಿಗಳ ನಡುವೆ ಕೋಲುಗಳನ್ನಿಟ್ಟು, ಅವುಗಳ ಮೇಲೆ ಹಸಿ ಶಾವಿಗೆಯನ್ನು ಜೋತುಬಿಟ್ಟದ್ದನ್ನು ನಾನೂ ನೋಡಿದ್ದೆ. ಕೋಲು ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ಮೂವರದೂ ತಪ್ಪಾದ ಮೇಲೆ ಬೈಯಲು ಯಾರೂ ಉಳಿಯಲಿಲ್ಲ.

ಮರೆಯಿಲ್ಲದೆ ಮಿಂಚುಳ್ಳಿ ಹತ್ತಿರ ಬರುವುದಿಲ್ಲ ಎಂದು ಇವರ ಹಟ. ಬಟ್ಟೆಯ ಒಂದು ತುದಿಯನ್ನು ಕಾರಿಗೆ, ಇನ್ನೊಂದನ್ನು ಹೊಂಗೆ ಮರಕ್ಕೆ ಕಟ್ಟಿದರು. ನಡುವೆ ಅದು ನಮ್ಮ ತಲೆಯ ಮೇಲೇ ಜೋತುಬಿತ್ತು. ಕೊನೆಗೆ ತಾವೇ ಒಳಗೆ ನಿಂತು ಎರಡೂ ಕೈಯಿಂದ ಎತ್ತಿ ಹಿಡಿದರು. ನಾವು ಮೂವರೂ ಜಮಖಾನದ ಮೇಲೆ ಕೂತೆವು. ಸೆಕೆ, ಸೊಳ್ಳೆ, ದೂರದ ಫ್ಯಾಕ್ಟರಿಯ ಸೈರನ್. ಕ್ಯಾಮೆರಾ ಇವರ ಕೊರಳಲ್ಲೇ ತೂಗುತ್ತಿತ್ತು.

ಅರ್ಧ ಗಂಟೆಯ ಮೇಲೆ ನೀರಿನಂಚಿನ ಒಣಕೊಂಬೆಯ ಮೇಲೆ ನೀಲಿ ಬಣ್ಣವೊಂದು ಬಂದು ಕೂತಿತು. ರಕ್ಷಿತಾ ನನ್ನ ಮಂಡಿಯನ್ನು ಗಟ್ಟಿಯಾಗಿ ಹಿಡಿದಳು.

“ಲೇ, ಬಟ್ಟೆ ಹಿಡ್ಕೋ. ಬೇಗ,” ಎಂದು ಇವರು ಪಿಸುಗುಟ್ಟಿದರು.

ಹಿಡಿಯಬಹುದಿತ್ತು. ನಾನು ಎದ್ದು ಇವರ ಕೊರಳಿನಿಂದ ಕ್ಯಾಮೆರಾದ ಪಟ್ಟಿ ತೆಗೆದು ಮಗಳ ಕೊರಳಿಗೆ ಹಾಕಿದೆ.

“ಅವಳಿಗೆ ಫೋಕಸ್ ಬರಲ್ಲ ಕಣೇ, ಮೊದಲು ಆ ರಿಂಗು...”

“ನೀ ಈಗ ಕಂಬ ಅದೀ,” ಅಂದರು ಅತ್ತೆ. “ಕಂಬ ಮಾತಾಡೂದಿಲ್ಲ. ಸುಮ್ಮ ನಿಂದರು.”

ಇವರು ಬಟ್ಟೆಯನ್ನು ಇನ್ನೊಂದು ಗೇಣು ಮೇಲೆತ್ತಿದರು. ಅದು ಇಳಿಯಲಿಲ್ಲ. ಕ್ಲಿಕ್ ಎಂದಿತು. ಮತ್ತೊಮ್ಮೆ. ಆಮೇಲೆ ಹಕ್ಕಿ ಹೋಯಿತು.

ರಾತ್ರಿ ಗೋಪಾಲಪ್ಪನವರ ಫ್ಯಾನಿನ ಕೆಳಗೇ ಮಲಗಿದೆವು.

ಚಿತ್ರದಲ್ಲಿ ಕೆರೆ ಒಂದು ಕಡೆಗೆ ವಾಲಿದೆ. ಮಿಂಚುಳ್ಳಿ ಸ್ವಲ್ಪ ಮಸುಕು. ಮೇಲಿನ ಮೂಲೆಯಲ್ಲಿ ಇವರ ಮೊಣಕೈ ಬಂದಿದೆ. ಭಾನುವಾರ ಮನೆಯಲ್ಲಿ ಅದನ್ನು ಕತ್ತರಿಸಿ ಸರಿಮಾಡಲು ಇವರು ಕೂತಾಗ ರಕ್ಷಿತಾ ಲ್ಯಾಪ್‌ಟಾಪ್ ಮುಚ್ಚಿದಳು. ಇದ್ದ ಹಾಗೆಯೇ ಪ್ರಿಂಟ್ ಮಾಡಿಸಿ ಖಾಲಿ ಪುಟಕ್ಕೆ ಅಂಟಿಸಿ ಕೆಳಗೆ ಬರೆದಳು:

ಚಿತ್ರ: ರಕ್ಷಿತಾ. ಕಂಬ: ಅಪ್ಪ.