ಗಾಳಿಯಲ್ಲಿ ಬಿಚ್ಚಿದ ಯಂತ್ರ

ಅವಳಿಗೆ ಇಂಗ್ಲಿಷಿನಲ್ಲಿ ಒಂದು ಕನಸೂ ಬಿದ್ದಿರಲಿಲ್ಲ. ವಯಸ್ಸು ಇಪ್ಪತ್ತಾರು. ಬೇಕರಿ, ಕ್ಯಾಂಟೀನುಗಳಿಗೆ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಯಂತ್ರದ ಜೊತೆ ಡಬ್ಬದೊಳಗೆ ಹೋಗುವ ಇಂಗ್ಲಿಷ್ ಸೂಚನಾ ಹಾಳೆ ಬರೆಯುವವಳು ಅವಳು. ಹಗಲೆಲ್ಲ ಇಂಗ್ಲಿಷಿನಲ್ಲಿ ಬರೆದು, ನಿದ್ದೆಯಲ್ಲಿ ಮನೆಮಾತಿಗೆ ಮರಳುತ್ತಿದ್ದಳು. ಇದೊಂದು ಕೊರತೆ ಅನ್ನುವುದು ಬೇರೆಯವರು ಹೇಳುವತನಕ ಅವಳಿಗೆ ತಿಳಿದಿರಲಿಲ್ಲ.

ಅವಳನ್ನು ಅಲ್ಲಿ ಸೇರಿಸಿದ್ದು ಮಾವ, ತಾಯಿಯ ತಮ್ಮ. ಮೂವತ್ತು ವರ್ಷದಿಂದ ಅಲ್ಲೇ ಫಿಟ್ಟರ್. ಓದಿದ್ದು ಏಳನೇ ಕ್ಲಾಸು. ತಿರುಗಿಸು, ಒತ್ತು, ಹಿಡಿ, ಮೊದಲು, ಆಮೇಲೆ, ಇಷ್ಟರ ಇಂಗ್ಲಿಷ್ ಕೈಗೆ ಅಂಟಿಕೊಂಡಿತ್ತು. ಅಷ್ಟಿದ್ದರೆ ಸಾಕಾಗುವ ಒಂದು ಪರೀಕ್ಷೆಯನ್ನು ಅವರಿಬ್ಬರೂ ಸೇರಿ ರೂಢಿ ಮಾಡಿಕೊಂಡಿದ್ದರು. ಊಟ ಮುಗಿಸಿ, ಪ್ಯಾಕಿಂಗ್ ಶೆಡ್ಡಿನ ಮೇಲಿನ ಕೋಣೆಯಲ್ಲಿ ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ಅವಳು ಹೊಸ ಹಾಳೆಯನ್ನು ಒಂದೊಂದೇ ವಾಕ್ಯವಾಗಿ ಓದುತ್ತಿದ್ದಳು. ಮಾವ ಕೇಳಿದ್ದನ್ನು ಕೇಳಿದ ಹಾಗೆ ಗಾಳಿಯಲ್ಲಿ ಕೈಯಿಂದ ಮಾಡುತ್ತಿದ್ದ. ಕೈ ತಡವರಿಸಿದರೆ ಆ ವಾಕ್ಯ ಕೆಟ್ಟಿದೆ ಎಂದರ್ಥ. ವಿವರಿಸುವಂತಿಲ್ಲ.

“ಯಂತ್ರ ಕೊಂಡವರ ಮನೆಗೆಲ್ಲ ಹೋಗಿ ಕೂತು ವಿವರಿಸ್ತೀಯಾ?” ಎನ್ನುತ್ತಿದ್ದ.

ಕಿಟಕಿಯ ಬಿಸಿಲಿನಲ್ಲಿ ಒಣಹುಲ್ಲಿನ ದೂಳು ತೇಲುತ್ತಿತ್ತು. ಅದರ ನಡುವೆ ಆ ದಪ್ಪ ಬೆರಳುಗಳು ನೀರೊಳಗೆ ಆಡುವಂತೆ ಮೆಲ್ಲಗೆ ಆಡುತ್ತ, ಇಲ್ಲದ ತಿರುಪು ಬಿಚ್ಚಿ ಇಲ್ಲದ ಬಟ್ಟಲಿಗೆ ಹಾಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವಳಿಗೂ ಯಂತ್ರ ಕಾಣತೊಡಗುತ್ತಿತ್ತು. ಒಮ್ಮೆ ಕಿಟಕಿ ತೆರೆಯಲು ಎದ್ದವಳು ಆ ಯಂತ್ರಕ್ಕೆ ಸೊಂಟ ತಾಗೀತೆಂದು ಬಳಸಿಕೊಂಡು ಹೋದಳು.

“ಹಾಂ, ಹಾಗೇ ಹೋಗು ಪುಟ್ಟಿ. ಅಲ್ಲಿ ಅದರ ಹಿಡಿ ಇದೆ,” ಎಂದ ಮಾವ, ಕಣ್ಣು ತೆರೆಯದೆ.

ಕೆಳಗಿನವರಿಗೆ ಇದು ತಮಾಷೆ. ಸ್ಟೋರಿನ ಅಕ್ಕ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದಳು: “ಏನಣ್ಣಾ, ಗಾಳಿ ಗುದ್ದಿ ಮೈ ನೋಯಿಸ್ಕೊಂಡಾಯ್ತಾ ಇವತ್ತಿಂದು?”

ಆ ವರ್ಷ ಮುಖ್ಯ ಕಚೇರಿಯಿಂದ ಭಾಷಾ ಅಧಿಕಾರಿ ಬಂದರು. ಎರಡೇ ದಿನದಲ್ಲಿ ಅವರ ಹೆಸರು ಕೆಂಪಿಂಕು ಎಂದಾಯಿತು. ಇಂಗ್ಲಿಷ್ ಬರವಣಿಗೆಯಲ್ಲಿ ಸಂಶಯವಿದ್ದವರು ಚೀಟಿ ಬರೆದು ತರಬಹುದು ಎಂದು ಅವರು ಬೋರ್ಡಿಗೆ ಹಚ್ಚಿದರು. ಜನಕ್ಕೆ ಅಷ್ಟೊಂದು ಸಂಶಯವಿರಬಹುದು ಎಂದು ಯಾರೂ ಎಣಿಸಿರಲಿಲ್ಲ. ಬಾಗಿಲಾಚೆ ಸಾಲು ನಿಂತಿತು. ಒಂದೇ ಪದ ಒಂದೇ ಸಾಲಿನಲ್ಲಿ ಎರಡು ಸಲ ಬಂದರೆ ಅವಮಾನವೇ? ಗಿರಾಕಿಗೆ ‘ನೀವು’ ಎಂದು ನೇರ ಹೇಳಬಹುದೇ? ‘ಮತ್ತು’ ಎಂದು ವಾಕ್ಯ ಶುರು ಮಾಡಿದರೆ ಓದಿದವರು ನಗುತ್ತಾರೆಯೇ? ಅವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿದರು. ಉತ್ತರಗಳು ಚೆನ್ನಾಗಿಯೇ ಇದ್ದವು.

“ದಯವಿಟ್ಟು ಅಂತ ಎರಡು ಸಲ ಹಾಕಬಹುದಾ ಸಾರ್?” ಎಂದು ಸ್ಟೋರಿನ ಅಕ್ಕ ಕೇಳಿದಳು.

“ಒಂದು ಸಲ ಸಾಕಮ್ಮಾ.”

“ಒಂದು ಸಲ ಹಾಕಿ ಆರು ತಿಂಗಳಾಯ್ತು ಸಾರ್. ಸಾಮಾನು ಬಂದಿಲ್ಲ.”

ಇವಳ ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನನ್ನ ಬರವಣಿಗೆ ಸರಿಯಾಗಿದೆಯೇ? ಅವಳ ಕರಾರು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕೆಲಸ ಕಾಯಂ ಆಗಬೇಕಾದರೆ ಕೆಂಪಿಂಕಿನ ಸಹಿ ಬೇಕು, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ತಾಯಿ, ಒಂದೂವರೆ ಕೋಣೆ, ಮತ್ತು ದುಡಿಯುವವಳು ಇವಳೊಬ್ಬಳೇ.

ಬ್ರೆಡ್ ಕತ್ತರಿಸುವ ಹೊಸ ಯಂತ್ರದ ಹಾಳೆಯನ್ನು ಅವರು ಎರಡು ಸಲ ಓದಿದರು.

“ತಪ್ಪಿಲ್ಲ. ಆದ್ರೆ ಸಹಜವಾಗಿಲ್ಲ. ಕನಸು ಯಾವ ಭಾಷೆಯಲ್ಲಿ ಬೀಳುತ್ತೆ ನಿಮಗೆ?”

ಅವಳು ಹೇಳಿದಳು.

“ಅದೇ ಮತ್ತೆ. ಮನೇಲಿ ಯೋಚನೆ ಮಾಡಿ ಅದಕ್ಕೆ ಕೋಟು ಹಾಕಿ ಕಳಿಸಿದ್ದೀರಿ. ನೋಡಿ, ನೀವು ಬರೆದದ್ದು: ಕತ್ತರಿಸುವ ಚಕ್ರ ನಿಲ್ಲಲಿ. ಚಕ್ರ ನಿಂತ ಮೇಲೆ ಮುಚ್ಚಳ ತೆಗೆಯಿರಿ. ಮುಚ್ಚಳ ತೆಗೆದ ಮೇಲೆ ಚೂರು ತೆಗೆಯಿರಿ. ಅಜ್ಜಿ ಕತೆ ಹೇಳಿದ ಹಾಗಿದೆ. ಹೇಳಬೇಕಾದ ಕೆಲಸ ಮೊದಲು ಬರಲಿ, ಷರತ್ತು ಆಮೇಲೆ ಬರಲಿ. ಆಗ ಇಂಗ್ಲಿಷ್ ತಾನಾಗಿ ಉಸಿರಾಡುತ್ತೆ.”

ಅವರು ಹೇಳಿದ್ದು ನಿಜ ಎಂಬುದೇ ಕಷ್ಟವಾಯಿತು. ಸಂಜೆ ತಾರಸಿಯ ಮೇಲೆ ಅವಳು ಅವರ ಮಾತಿನಂತೆ ತಿದ್ದಿದ ವಾಕ್ಯಗಳನ್ನು ಜೋರಾಗಿ ಓದಿ ನೋಡಿದಳು. ಅವು ಎಲ್ಲೂ ತಡೆಯಿಲ್ಲದೆ ಇಳಿಜಾರಿನ ಸೈಕಲ್ಲಿನಂತೆ ಸಾಗುತ್ತಿದ್ದವು. ಅವಳ ಹಳೆಯ ವಾಕ್ಯಗಳು ಹೆಜ್ಜೆಗೊಮ್ಮೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದವು. ಒಂಬತ್ತು ದಿನ ಹಾಳೆಯನ್ನು ಮೊದಲಿಂದ ಬರೆದಳು. ಒಂಬತ್ತನೆಯ ದಿನ, ಮನೆಗೆ ಹೋಗುವ ಬಸ್ಸಿನಲ್ಲಿ ಕಣ್ಣಿಗೆ ಜೊಂಪು ಹತ್ತಿದಾಗ, ಇಂಗ್ಲಿಷ್ ಕನಸು ಬಿತ್ತು. ಬೀದಿಯಷ್ಟು ಉದ್ದದ ಬ್ರೆಡ್ಡು. ಹೋಳುಗಳು ಒಂದರ ಮೇಲೊಂದು ಸದ್ದಿಲ್ಲದೆ ಮಲಗುತ್ತಿದ್ದವು. ದಾರಿಯುದ್ದಕ್ಕೂ ಜನ ಅವಳನ್ನು ಮಾತಾಡಿಸುತ್ತಿದ್ದರು, ಅವಳು ಉತ್ತರಿಸುತ್ತಿದ್ದಳು, ಯಾವ ಪದವನ್ನೂ ಹುಡುಕಬೇಕಿರಲಿಲ್ಲ. ಎಲ್ಲರ ಕೈಯೂ ಜೇಬಿನಲ್ಲಿತ್ತು. ಎಚ್ಚರವಾದಾಗ ಅವಳ ಸ್ಟಾಪು ಎರಡು ಸ್ಟಾಪು ಹಿಂದೆ ಉಳಿದಿತ್ತು. ಖುಷಿಯಲ್ಲಿ ನಡೆದೇ ಹೋದಳು.

ಮರುದಿನ ಮಧ್ಯಾಹ್ನ ಮಾವ ಕಣ್ಣು ಮುಚ್ಚಿ ಕೂತ. ಅವಳು ಓದಿದಳು. ಕೈ ಸರಾಗ ಸಾಗಿತು. ಬ್ರೆಡ್ ಇಟ್ಟ, ಹಿಡಿ ಎಳೆದ, ಗುಂಡಿ ಒತ್ತಿದ. ಹನ್ನೊಂದನೆಯ ವಾಕ್ಯ ಬಂತು. ಅಂಚಿನಲ್ಲಿ ಸಿಕ್ಕಿಕೊಂಡ ಚೂರುಗಳನ್ನು ಕೈಯಿಂದ ತೆಗೆಯಿರಿ, ಎಂದು ಮೊದಲರ್ಧ. ಅವಳು ಉಸಿರು ತೆಗೆದುಕೊಂಡಳು. ಚಕ್ರ ಪೂರ್ತಿ ನಿಂತದ್ದು ಖಚಿತವಾದ ಮೇಲೆ ಮಾತ್ರ, ಎಂದು ಉಳಿದರ್ಧ.

ಆ ಒಂದು ಉಸಿರಿನೊಳಗೆ ಮಾವನ ಬಲಗೈ ಒಳಗೆ ಹೋಗಿತ್ತು. ನಾಲ್ಕು ಬೆರಳೂ, ಗಿಣ್ಣಿನವರೆಗೆ. ಚಕ್ರ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಅದಿನ್ನೂ ತಿರುಗುತ್ತಿತ್ತು.

ಮಾವನ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಮೆಲ್ಲಗೆ, ಏನೂ ಆಗದ ಹಾಗೆ, ಹೊರಗೆ ಬಂದು, ಚಕ್ರ ನಿಲ್ಲುವುದನ್ನು ಕಾದಂತೆ ಮೊಣಕಾಲ ಮೇಲೆ ಕೂತು, ಮತ್ತೆ ಒಳಗೆ ಹೋಗಿ ಚೂರು ತೆಗೆಯಿತು.

ಅವಳು ಹನ್ನೆರಡನೆಯದನ್ನು ಓದಿದಳು.

ಮುಗಿದಾಗ ಮಾವ ಕಣ್ಣು ತೆರೆದ. “ಚೆನ್ನಾಗಿದೆ. ದೊಡ್ಡವರು ಬರೆದ ಹಾಗಿದೆ. ಸಹಿ ಹಾಕ್ತಾರಾ?”

“ಹಾಕ್ತಾರೆ ಅನ್ಸುತ್ತೆ ಮಾವ.”

“ಹಾಕ್ಲಿ. ನಿಮ್ಮಮ್ಮಂಗೆ ಇವತ್ತೇ ಹೇಳ್ಬೇಡ, ಕೈಗೆ ಕಾಗದ ಬರ್ಲಿ.”

ಸಹಿ ಬಿತ್ತು. ಕೆಲಸ ಕಾಯಂ ಆಯಿತು. ನಾಲ್ಕು ಸಾವಿರ ಹಾಳೆ ಅಚ್ಚಾಗಿ ಡಬ್ಬ ಸೇರಿದವು.

ಏಳು ತಿಂಗಳ ಮೇಲೆ ಒಂದು ಕಾಗದ ಬಂತು, ದೂರದ ಬೇಕರಿಯಿಂದ. ಬರೆದವನು ಮಾಲೀಕ. ಅಲ್ಲಿಯೂ ಇಂಗ್ಲಿಷ್ ಯಾರ ಮನೆಮಾತೂ ಅಲ್ಲ ಎಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ‘ಯಂತ್ರ ಬಂತು. ಬಂದ ಮೇಲೆ ನನ್ನ ತಂಗಿ ಹಾಳೆ ಓದಿದಳು. ಅವಳು ಪದದ ಕೆಳಗೆ ಎಡಗೈ ಬೆರಳಿಟ್ಟು ಓದುತ್ತಾಳೆ. ಓದಿದಷ್ಟು ಮಾಡಿ, ಮುಂದೆ ಓದುತ್ತಾಳೆ. ಬಲಗೈಯಿಂದ ಮಾಡುತ್ತಾಳೆ.’ ಹೀಗೇ ಇತ್ತು ಕಾಗದ. ಬೈಗುಳ ಎಲ್ಲೂ ಇರಲಿಲ್ಲ. ನಾವು ಏನನ್ನು ತಪ್ಪಾಗಿ ಓದಿದೆವು, ದಯವಿಟ್ಟು ತಿಳಿಸಿ, ಎಂದು ಕೊನೆಯಲ್ಲಿ ಕೇಳಿದ್ದ.

ಕೆಂಪಿಂಕು ಹನ್ನೊಂದನೆಯ ವಾಕ್ಯವನ್ನು ತುಂಬ ಹೊತ್ತು ನೋಡಿದರು. ಪೆನ್ನು ಮುಚ್ಚಿ ಇಟ್ಟರು. “ವಾಕ್ಯದಲ್ಲಿ ತಪ್ಪಿಲ್ಲ,” ಎಂದರು. ಇರಲೂ ಇಲ್ಲ.

ಅವಳು ಫಿಟ್ಟಿಂಗ್ ಶೆಡ್ಡಿಗೆ ಹೋದಳು. ಮಾವ ನಿಜವಾದ ಯಂತ್ರಕ್ಕೆ ನಿಜವಾದ ತಿರುಪು ಹಾಕುತ್ತಿದ್ದ.

“ಅವತ್ತು ನಿನ್ನ ಕೈ ಒಳಗೆ ಹೋಗಿತ್ತು, ಅಲ್ವಾ?”

“ಹೋಗಿತ್ತು.”

“ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂದ್ಕೊಂಡೆ. ನೀನು ಕಣ್ಣು ಬಿಟ್ಕೊಂಡಿದ್ದೆ.” ಮಾವ ತಿರುಪಿನಿಂದ ತಲೆ ಎತ್ತಲಿಲ್ಲ. “ಹೇಳಿದ್ರೆ ನಿನ್ನ ಕೆಲಸ ಹೋಗೋದು. ನೀನು ಹೇಳದೇ ಇದ್ದಾಗ ನಂಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಹೀಗಾಯ್ತು ಅಂದ್ಕೊಂಡು ಸುಮ್ನಾದೆ.”

“ಮಧ್ಯಾಹ್ನ ಮೇಲಿನ ಕೋಣೆಗೆ ಬಾ ಮಾವ. ಅದನ್ನ ಹಳೇ ಥರಾನೇ ಬರೆದಿದ್ದೀನಿ.”

“ಇನ್ಮೇಲೆ ಬೇರೆಯವರನ್ನ ನೋಡ್ಕೋ ಪುಟ್ಟಿ. ಕಣ್ಣು ಮುಚ್ಚಿದ್ರೆ ನಂಗೆ ಆ ಹೆಣ್ಣುಮಗಳ ಕೈ ಕಾಣುತ್ತೆ.”

ಅವಳು ಬೇಕರಿಗೆ ಉತ್ತರ ಬರೆದಳು. ತಪ್ಪು ನಿಮ್ಮದಲ್ಲ, ಹಾಳೆ ಬರೆದ ನನ್ನದು ಎಂದು ಬರೆದು, ಯಾರಿಗೂ ತೋರಿಸದೆ ಅಂಚೆಗೆ ಹಾಕಿದಳು. ಡಬ್ಬ ಸೇರಿದ್ದ ಹಾಳೆಗಳಲ್ಲಿ ಎರಡು ಸಾವಿರದ ಒಂಬೈನೂರು ಹಿಂದಕ್ಕೆ ಸಿಕ್ಕವು. ಸಾವಿರದ ನೂರು ಎಲ್ಲಿವೆಯೋ ಗೊತ್ತಿಲ್ಲ. ಆ ಹೆಂಗಸು ಕಳೆದುಕೊಂಡದ್ದು ಬಲಗೈಯ ತೋರುಬೆರಳು, ನಡುಬೆರಳು ಪೂರ್ತಿ, ಉಂಗುರಬೆರಳು ಒಂದು ಗಿಣ್ಣು.